ರತಿಕ್ರೀಡೆಯಲ್ಲಿ ಉಸಿರು ತಡೆಯುವುದು: ವಯಸ್ಕರು ತಿಳಿದಿರಬೇಕಾದ ಅಪಾಯಗಳು

ಕುಟುಂಬ ಕಲ್ಯಾಣವೆಂದರೆ ಸಂತಾನ ನಿಯಂತ್ರಣವೊಂದೇ ಅಲ್ಲ. ವಯಸ್ಕ ಸ್ತ್ರೀಪುರುಷರ ಲೈಂಗಿಕ ಜೀವನವು ನಿರಪಾಯವಾಗಿಯೂ ಪರಸ್ಪರ ಗೌರವದಿಂದ ಕೂಡಿದುದಾಗಿಯೂ ಇರಬೇಕೆಂಬುದು ಅದರ ಒಂದು ಮುಖ್ಯ ಭಾಗ. ಗರ್ಭನಿರೋಧಕ ಸಾಧನಗಳ ವಿಷಯದಲ್ಲಿಯೂ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ವಿಷಯದಲ್ಲಿಯೂ ಜನರಿಗೆ ಸಾಕಷ್ಟು ತಿಳಿವಳಿಕೆ ನೀಡಲಾಗಿದೆ. ಆದರೆ ಜನರು ಕೇಳಲು ನಾಚುವ, ವೈದ್ಯರೂ ಹೇಳಲು ಹಿಂಜರಿಯುವ ಒಂದು ವಿಷಯ ಹಾಗೆಯೇ ಉಳಿದುಬಂದಿದೆ. ರತಿಕ್ರೀಡೆಯ ಸಮಯದಲ್ಲಿ ಸುಖವು ಹೆಚ್ಚೀತೆಂಬ ಭಾವನೆಯಿಂದ ಸಂಗಾತಿಯ ಕೊರಳನ್ನು ಒತ್ತುವುದು, ಬಾಯಿ ಮೂಗುಗಳನ್ನು ಮುಚ್ಚುವುದು, ಅಥವಾ ಒಬ್ಬರೇ ಇರುವಾಗ ತಮ್ಮ ಉಸಿರನ್ನು ತಾವೇ ತಡೆದುಕೊಳ್ಳುವುದು, ಇದೇ ಆ ವಿಷಯ. ತರುಣರು ಇದನ್ನು ‘ಚೋಕಿಂಗ್’ ಎಂದೂ ‘ಬ್ರೆತ್ ಪ್ಲೇ’ ಎಂದೂ ಕರೆಯುವುದುಂಟು.

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಮೊದಲಾದ ಬಡಾವಣೆಗಳಲ್ಲಿ ಉದ್ಯೋಗದ ನಿಮಿತ್ತ ಮನೆಯವರಿಂದ ದೂರವಾಗಿ ನೆಲೆಸಿರುವ ಯುವಕ ಯುವತಿಯರು ಬಹುಸಂಖ್ಯೆಯಲ್ಲಿದ್ದಾರೆ. ಹೊಸದಾಗಿ ಸಂಸಾರ ಹೂಡಿದವರೂ ಅನೇಕರು. ಇಂಥವರಿಗೆ ಲೈಂಗಿಕ ವಿಷಯಗಳಲ್ಲಿ ಹಿರಿಯರ ಮಾತಿಗಿಂತ, ವೈದ್ಯರ ಮಾತಿಗಿಂತ, ಕೈಯಲ್ಲಿರುವ ಮೊಬೈಲಿನ ಚಿತ್ರಗಳೇ ಗುರುವಾಗಿವೆ. ಆ ಚಿತ್ರಗಳಲ್ಲಿ ಕೊರಳನ್ನು ಹಿಡಿಯುವುದು ಮುತ್ತಿಡುವಷ್ಟೇ ಸಹಜವೆಂಬಂತೆ ತೋರಿಸಲಾಗುತ್ತದೆ. ಅದಾದ ಮೇಲೆ ಆ ಕೊರಳಿಗೇನಾಯಿತು ಎಂಬುದನ್ನು ಯಾರೂ ತೋರಿಸುವುದಿಲ್ಲ.

ಈ ಲೇಖನದ ಉದ್ದೇಶ ಯಾರ ನಡತೆಯನ್ನೂ ಹಳಿಯುವುದಲ್ಲ. ಪ್ರಾಪ್ತ ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಕಾಮಕ್ರೀಡೆ ಎಷ್ಟೇ ಅಸಾಮಾನ್ಯವಾಗಿದ್ದರೂ ಅಷ್ಟರಿಂದಲೇ ಅದು ಮನೋರೋಗವಾಗದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿತು. ಸಮ್ಮತಿಯಿಂದ ನಡೆಯುವ ಅಸಾಮಾನ್ಯ ಕ್ರೀಡೆಗಳಲ್ಲಿ ಕೆಲವನ್ನು ಅದು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ಇಲ್ಲಿ ವಿಚಾರಿಸುತ್ತಿರುವುದು ಒಂದೇ ಪ್ರಶ್ನೆ: ಉಸಿರನ್ನೂ ರಕ್ತಸಂಚಾರವನ್ನೂ ತಡೆಯುವುದರಲ್ಲಿ ‘ಇಷ್ಟರವರೆಗೆ ಸುರಕ್ಷಿತ’ ಎಂಬ ಗೆರೆಯೊಂದು ಇದೆಯೇ? ಶರೀರಶಾಸ್ತ್ರವು ಕೊಡುವ ಉತ್ತರ, ಇಲ್ಲ ಎಂಬುದು. ಏಕೆ ಇಲ್ಲ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಇದು ಹೊಸತಲ್ಲ

ಕಾಮದ ಭರದಲ್ಲಿ ಜೀವಹಾನಿಯಾಗುವುದನ್ನು ನಮ್ಮ ಹಿಂದಿನವರೂ ಕಂಡಿದ್ದರು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ರತಿಕಾಲದ ಹೊಡೆತಗಳನ್ನು ಕುರಿತ ಒಂದು ಪ್ರಕರಣವಿದೆ. ದಕ್ಷಿಣ ದೇಶದಲ್ಲಿ ರೂಢಿಯಲ್ಲಿದ್ದ ಕೆಲವು ಹೊಡೆತಗಳನ್ನು ಹೆಸರಿಸಿ, ಅವುಗಳಿಂದಾದ ಅನಾಹುತಗಳನ್ನು ಅಲ್ಲಿ ಹೇಳಲಾಗಿದೆ. ಚೋಳರಾಜನೊಬ್ಬನಿಂದ ಚಿತ್ರಸೇನೆಯೆಂಬ ಗಣಿಕೆ ಸತ್ತಳು. ಇಂದಿನ ಕನ್ನಡನಾಡಿನ ಭಾಗಗಳನ್ನು ಒಳಗೊಂಡಿದ್ದ ಕುಂತಲ ದೇಶದ ಶಾತಕರ್ಣಿ ಶಾತವಾಹನನಿಂದ ಅವನ ಮಹಾರಾಣಿ ಮಲಯವತಿಯೇ ಸತ್ತಳು. ಇವರಾರೂ ಕೊಲ್ಲಬೇಕೆಂದು ಕೊಂದವರಲ್ಲ. ನಾಗಾಲೋಟದಲ್ಲಿರುವ ಕುದುರೆಗೆ ದಾರಿಯ ಹಳ್ಳ ಕಾಣದಂತೆ ಕಾಮಾವೇಗದಲ್ಲಿರುವವರಿಗೆ ಅಪಾಯ ಕಾಣದೆಂದೂ, ಜೀವಕ್ಕೆ ಕುತ್ತಾಗುವುದನ್ನು ಬಿಡಬೇಕೆಂದೂ ಆ ಗ್ರಂಥಕಾರನ ಅಭಿಪ್ರಾಯ. ಕಾಮಶಾಸ್ತ್ರವನ್ನು ಬರೆದವನೇ ಹೇಳಿದ ಈ ಎಚ್ಚರಿಕೆಯನ್ನು ಮಡಿವಂತಿಕೆಯೆಂದು ತಳ್ಳಿಹಾಕಲಾಗದು.

ಉಸಿರು ತಡೆಯುವ ಕ್ರೀಡೆಯಿಂದಾದ ಸಾವುಗಳಲ್ಲಿ ಹಳೆಯ ಪ್ರಸಿದ್ಧ ಉದಾಹರಣೆ 1791ರದು. ಆ ವರ್ಷ ಲಂಡನ್ನಿನಲ್ಲಿ ಬೊಹೀಮಿಯ ದೇಶದ ಸಂಗೀತಗಾರ ಕೋಟ್ಸ್‌ವಾರಾ ಎಂಬಾತ ಹೀಗೆ ಮೃತನಾದನು. ಅವನ ಕೋರಿಕೆಯಂತೆ ನಡೆದುಕೊಂಡಿದ್ದ ಹೆಂಗಸು ಕೊಲೆಯ ಆರೋಪವನ್ನು ಎದುರಿಸಿ, ಬಳಿಕ ಬಿಡುಗಡೆ ಹೊಂದಿದಳು. ನಮ್ಮ ದೇಶದಲ್ಲಿಯೇ 2021ರ ಜನವರಿಯಲ್ಲಿ ನಾಗಪುರದ ಸಮೀಪದ ವಸತಿಗೃಹವೊಂದರಲ್ಲಿ ಯುವಕನೊಬ್ಬನು ಇಂಥ ಕ್ರೀಡೆಯ ನಡುವೆ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಸಂಗಾತಿಯು ಸ್ವಲ್ಪ ಹೊತ್ತು ಪಕ್ಕದ ಬಚ್ಚಲು ಕೋಣೆಗೆ ಹೋಗಿದ್ದಾಗ ಈ ದುರ್ಘಟನೆ ನಡೆಯಿತೆಂದು ವರದಿಯಾಗಿತ್ತು. ಎರಡು ಘಟನೆಗಳ ನಡುವೆ 230 ವರ್ಷಗಳ ಅಂತರವಿದ್ದರೂ ಕೊರಳಿನ ರಚನೆ ಅಂದಿನಂತೆಯೇ ಇಂದೂ ಇದೆ.

ಕೊರಳಿನಲ್ಲಿ ಏನೇನಿದೆ?

ಕೊರಳು ಬಹು ಇಕ್ಕಟ್ಟಾದ ದಾರಿ. ಎದೆಯಲ್ಲಿರುವ ಹೃದಯ ಶ್ವಾಸಕೋಶಗಳಿಗೆ ಪಕ್ಕೆಲುಬುಗಳ ಗೂಡು ರಕ್ಷಣೆ ಕೊಡುತ್ತದೆ. ಮಿದುಳಿಗೆ ತಲೆಬುರುಡೆಯ ರಕ್ಷಣೆಯಿದೆ. ಇವೆರಡನ್ನೂ ಜೋಡಿಸುವ ಕೊರಳಿನ ಮುಂಭಾಗಕ್ಕೆ ಮಾತ್ರ ಅಂಥ ಎಲುಬಿನ ಕವಚವಿಲ್ಲ. ಚರ್ಮದ ಕೆಳಗೆ, ತೆಳುವಾದ ಸ್ನಾಯುಗಳ ಹಿಂದೆಯೇ, ನಾಲ್ಕು ಮುಖ್ಯ ಅಂಗಗಳಿವೆ.

ಮೊದಲನೆಯದು ಕಂಠಧಮನಿ. ಇಬ್ಬದಿಯಲ್ಲಿ ಒಂದೊಂದರಂತೆ ಇರುವ ಈ ರಕ್ತನಾಳಗಳು ಹೃದಯದಿಂದ ಮಿದುಳಿಗೆ ಶುದ್ಧರಕ್ತವನ್ನು ಒಯ್ಯುತ್ತವೆ. ಎರಡನೆಯದು ಕಂಠಸಿರೆ. ಇದು ಮಿದುಳಿನಿಂದ ರಕ್ತವನ್ನು ಹಿಂದಕ್ಕೆ ತರುತ್ತದೆ. ಮೂರನೆಯದು ಧ್ವನಿಪೆಟ್ಟಿಗೆ ಹಾಗೂ ಅದರ ಕೆಳಗಿನ ಶ್ವಾಸನಾಳ. ನಾಲ್ಕನೆಯದು ಹೃದಯದ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರ.

ನ್ಯಾಯವೈದ್ಯಶಾಸ್ತ್ರದ ಗ್ರಂಥಗಳು ಹೇಳುವಂತೆ, ಕಂಠಸಿರೆಯನ್ನು ಮುಚ್ಚಲು ಸುಮಾರು 2 ಕಿಲೋಗ್ರಾಂ ಭಾರ ಸಾಕು. ಕಂಠಧಮನಿಗೆ ಸುಮಾರು 5 ಕಿಲೋಗ್ರಾಂ, ಶ್ವಾಸನಾಳಕ್ಕೆ ಸುಮಾರು 15 ಕಿಲೋಗ್ರಾಂ. ಎರಡು ಕಿಲೋ ಎಂದರೆ ಅಂಗಡಿಯಿಂದ ತರುವ ಎರಡು ಸಕ್ಕರೆ ಪೊಟ್ಟಣಗಳ ತೂಕ. ತುಂಬಿದ ಬಕೆಟ್ಟನ್ನು ಎತ್ತುವ ವಯಸ್ಕರ ಕೈಗೆ ಇದು ಲೆಕ್ಕಕ್ಕೇ ಬಾರದ ಬಲ. ಆದುದರಿಂದ ‘ನಾನು ಮೆಲ್ಲಗೆ ಹಿಡಿದಿದ್ದೆ’ ಎಂಬ ಮಾತು ನಿಜವಿರಬಹುದು, ಆದರೆ ಅದರಿಂದ ರಕ್ಷಣೆ ದೊರೆಯದು. ‘ಉಸಿರಾಡಲು ಬರುತ್ತಿತ್ತು, ಹಾಗಾಗಿ ಅಪಾಯವಿರಲಿಲ್ಲ’ ಎಂಬ ಮಾತೂ ತಪ್ಪು ತಿಳಿವಳಿಕೆ. ಶ್ವಾಸನಾಳವು ಪೂರ್ತಿ ತೆರೆದಿದ್ದು ಗಾಳಿ ಸರಾಗವಾಗಿ ಹೋಗಿ ಬರುತ್ತಿರುವಾಗಲೇ, ಆ ಗಾಳಿಯ ಆಮ್ಲಜನಕವನ್ನು ಮಿದುಳಿಗೆ ಮುಟ್ಟಿಸುವ ರಕ್ತವು ನಿಂತಿರಬಹುದು.

ಮಿದುಳು ಕಾಯುವುದಿಲ್ಲ

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಭಾಗ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗಲೂ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20 ಭಾಗ ಅದಕ್ಕೆ ಬೇಕು. ಸ್ನಾಯುಗಳು ಕೆಲವು ಹೊತ್ತು ಆಮ್ಲಜನಕವಿಲ್ಲದೆ ಕೆಲಸ ಮಾಡಬಲ್ಲವು. ಮಿದುಳಿಗೆ ಆ ಶಕ್ತಿಯಿಲ್ಲ. ಅದರಲ್ಲಿ ಆಮ್ಲಜನಕದ ಉಗ್ರಾಣವೂ ಇಲ್ಲ. ದಿನದಿನದ ಕೂಲಿಯಿಂದಲೇ ದಿನದಿನದ ಊಟ ಸಾಗಬೇಕಾದ ಮನೆಯಂತೆ, ಕ್ಷಣಕ್ಷಣಕ್ಕೂ ಬರುವ ರಕ್ತದಿಂದಲೇ ಅದು ಜೀವಿಸುತ್ತದೆ.

1943ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತ ತರುಣರ ಕೊರಳಿಗೆ ಪಟ್ಟಿಯನ್ನು ಸುತ್ತಿ, ಗಾಳಿ ತುಂಬಿ, ಮಿದುಳಿನ ರಕ್ತಸಂಚಾರವನ್ನು ಕ್ಷಣಕಾಲ ನಿಲ್ಲಿಸಲಾಯಿತು. ಪ್ರಜ್ಞೆ ತಪ್ಪಲು ಹಿಡಿದ ಕಾಲ ಸರಾಸರಿ 7 ಸೆಕೆಂಡಿಗೂ ಕಡಿಮೆ. ಅನೇಕರಿಗೆ ಸೆಳೆತ ಕಾಣಿಸಿತು. ಇಂದಿನ ನೈತಿಕ ನಿಯಮಗಳು ಇಂಥ ಪ್ರಯೋಗಕ್ಕೆ ಅವಕಾಶ ಕೊಡವು. ಆದರೆ ಅಂದು ದೊರೆತ ಅಂಕಿ ಮರೆಯತಕ್ಕದ್ದಲ್ಲ. ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಏಳು ಸೆಕೆಂಡುಗಳು ಕಳೆದಿರುತ್ತವೆ.

ರಕ್ತಸಂಚಾರ ಪೂರ್ತಿ ನಿಂತು 4–5 ನಿಮಿಷಗಳಾದರೆ ಮಿದುಳಿನ ಕಣಗಳು ಸಾಯತೊಡಗುತ್ತವೆ. ಸತ್ತ ಕಣಗಳು ಮತ್ತೆ ಹುಟ್ಟುವುದಿಲ್ಲ. ನೆನಪಿನ ಶಕ್ತಿಗೆ ಸಂಬಂಧಿಸಿದ ಭಾಗವು ಆಮ್ಲಜನಕದ ಕೊರತೆಗೆ ಬಹು ಬೇಗ ತುತ್ತಾಗುವ ಭಾಗಗಳಲ್ಲಿ ಒಂದು. ಬದುಕಿ ಉಳಿದವರಲ್ಲಿ ಮರೆವು, ಏಕಾಗ್ರತೆಯ ಕೊರತೆ, ಸಿಡುಕು, ಮಂಕುತನ ಕಾಣಿಸಿಕೊಳ್ಳಬಹುದು. ಇದನ್ನು ಮನೆಯವರು ಆಫೀಸಿನ ಆಯಾಸವೆಂದು ಭಾವಿಸುವ ಸಂಭವವಿದೆ.

ವಿಮಾನಪುರದ ಪಾಠ

‘ಆ ಕ್ಷಣದಲ್ಲಿ ತಲೆ ಹಗುರಾಗಿ ತೇಲಿದಂತೆ ಆಗುತ್ತದೆ, ಅದರಲ್ಲಿಯೇ ಸುಖವಿದೆ’ ಎಂದು ಈ ಕ್ರೀಡೆಯಲ್ಲಿ ತೊಡಗುವವರು ಹೇಳುತ್ತಾರೆ. ಆ ತೇಲುವಿಕೆ ಏನು ಎಂಬುದನ್ನು ಬೆಂಗಳೂರಿನ ಪೂರ್ವಭಾಗದ ಒಂದು ಸಂಸ್ಥೆಯ ಕೆಲಸದಿಂದ ಚೆನ್ನಾಗಿ ತಿಳಿಯಬಹುದು.

ಇಂದಿರಾನಗರಕ್ಕೆ ಅನತಿದೂರದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ವಿಮಾನಪುರದಲ್ಲಿ, ಭಾರತೀಯ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಿದೆ. 1957ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಗಾಳಿಯ ಒತ್ತಡವನ್ನು ಇಳಿಸಬಲ್ಲ ಕೋಣೆಯೊಂದಿದೆ. ವಿಮಾನ ಚಾಲಕರನ್ನು ಅದರೊಳಗೆ ಕೂರಿಸಿ, ಬಹಳ ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಏನಾಗುತ್ತದೆಂಬುದನ್ನು ಅವರ ಅನುಭವಕ್ಕೆ ತರಲಾಗುತ್ತದೆ. ಇದು ಜಗತ್ತಿನ ವಾಯುಪಡೆಗಳಲ್ಲೆಲ್ಲ ರೂಢಿಯಲ್ಲಿರುವ ತರಬೇತಿ. ಇಂಥ ತರಬೇತಿ ಏಕೆ ಬೇಕಾಯಿತು? ಆಮ್ಲಜನಕ ಕಡಿಮೆಯಾಗುವಾಗ ಮನುಷ್ಯನಿಗೆ ಭಯವಾಗುವುದಿಲ್ಲ. ಬದಲಾಗಿ ಎಲ್ಲವೂ ಚೆನ್ನಾಗಿದೆ ಎಂಬ ಹುಸಿ ಉಲ್ಲಾಸ ಉಂಟಾಗುತ್ತದೆ. ಸುಲಭವಾದ ಲೆಕ್ಕವೂ ತಪ್ಪುತ್ತದೆ, ಆದರೆ ತಪ್ಪಿದೆಯೆಂಬ ಅರಿವೇ ಇರುವುದಿಲ್ಲ. ತನಗೆ ಆಮ್ಲಜನಕ ಬೇಕಾಗಿದೆ ಎಂದು ತಿಳಿಯಬೇಕಾದ ಅಂಗವೇ ಆಮ್ಲಜನಕದ ಕೊರತೆಯಿಂದ ಮೊದಲು ಕೆಡುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ನಮಗೆ ಉಸಿರು ಕಟ್ಟಿದಂತಾಗಿ ಸಂಕಟವಾಗುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ. ಆಮ್ಲಜನಕ ಇಳಿದುದರಿಂದ ಆಗುವ ಸಂಕಟ ಅಲ್ಪ. ಕೊರಳಿನ ರಕ್ತನಾಳಗಳು ಮುಚ್ಚಿ ಉಸಿರಾಟ ನಡೆದೇ ಇದ್ದರೆ, ಸಂಕಟದ ಗಂಟೆ ಬಾರಿಸುವ ಮೊದಲೇ ಪ್ರಜ್ಞೆ ಹೋಗುತ್ತದೆ.

ತರಬೇತಿಯ ಕೋಣೆಯಲ್ಲಿ ಚಾಲಕನ ಮುಖದ ಬಳಿಯೇ ಆಮ್ಲಜನಕದ ಮುಖವಾಡವಿರುತ್ತದೆ. ಅವನನ್ನು ಗಮನಿಸಲೆಂದೇ ತರಬೇತಿ ಹೊಂದಿದ ಸಿಬ್ಬಂದಿ ಇರುತ್ತಾರೆ. 25,000 ಅಡಿ ಎತ್ತರದಲ್ಲಿ ಕೂಡ ಸರಿಯಾಗಿ ಯೋಚಿಸಿ ಕೆಲಸ ಮಾಡಲು 3ರಿಂದ 5 ನಿಮಿಷಗಳ ಅವಕಾಶ ದೊರೆಯುತ್ತದೆ. ಕೊರಳನ್ನು ಒತ್ತಿದಾಗ ದೊರೆಯುವುದು ಹತ್ತು ಸೆಕೆಂಡಿಗೂ ಕಡಿಮೆ. ಶಿಸ್ತಿನ ಸೈನಿಕನಿಗೆ, ವೈದ್ಯರ ಕಣ್ಣೆದುರಿನಲ್ಲಿಯೂ, ತನ್ನ ಅರಿವನ್ನು ನಂಬಬೇಡವೆಂದು ಕಲಿಸಲಾಗುತ್ತದೆ. ಮುಚ್ಚಿದ ಕೋಣೆಯಲ್ಲಿ, ಕಾಮದ ಆವೇಗದಲ್ಲಿರುವ ಇಬ್ಬರು ತಮ್ಮ ಅರಿವನ್ನು ನಂಬಿ ಕೂರುವುದು ಹೇಗೆ ಸರಿಯಾದೀತು?

ಹೃದಯಕ್ಕೆ ಬರುವ ಆಘಾತ

ಕಂಠಧಮನಿಯು ಕವಲೊಡೆಯುವ ಸ್ಥಳದಲ್ಲಿ ರಕ್ತದ ಒತ್ತಡವನ್ನು ಅಳೆಯುವ ಸೂಕ್ಷ್ಮ ನರತಂತುಗಳಿವೆ. ಆ ಜಾಗವನ್ನು ಒತ್ತಿದರೆ, ರಕ್ತದೊತ್ತಡ ವಿಪರೀತ ಏರಿದೆಯೆಂಬ ತಪ್ಪು ಸಂದೇಶ ಮಿದುಳಿಗೆ ಹೋಗುತ್ತದೆ. ಮಿದುಳು ವೇಗಸ್ ನರದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತದೆ. ಕೆಲವರಲ್ಲಿ ಈ ಪ್ರತಿಕ್ರಿಯೆ ಅತಿಯಾಗಿ, ಹೃದಯದ ಲಯ ತಪ್ಪುವ ಅಥವಾ ಬಡಿತವೇ ನಿಂತುಹೋಗುವ ಸಂಭವವಿದೆ. ಯಾರಲ್ಲಿ ಹೀಗಾಗುತ್ತದೆಂದು ಮುಂಚಿತವಾಗಿ ಹೇಳುವ ಉಪಾಯ ಮನೆಯಲ್ಲಿ ಇಲ್ಲ. ಹತ್ತು ಸಲ ಏನೂ ಆಗದಿದ್ದವರಿಗೆ ಹನ್ನೊಂದನೆಯ ಸಲ ಆಗಬಹುದು. ಹೃದ್ರೋಗ, ಅಧಿಕ ರಕ್ತದೊತ್ತಡ, ಆಸ್ತಮಾ, ಮೂರ್ಛೆರೋಗ ಇರುವವರಿಗೂ ಗರ್ಭಿಣಿಯರಿಗೂ ಅಪಾಯ ಇನ್ನೂ ಹೆಚ್ಚು. ಗರ್ಭಿಣಿಯ ವಿಷಯದಲ್ಲಿ ತಾಯಿಗೆ ತಪ್ಪಿದ ಆಮ್ಲಜನಕ ಮಗುವಿಗೂ ತಪ್ಪುತ್ತದೆ.

ಸನ್ನೆಗಳು ಏಕೆ ಸಾಲವು?

ಅನೇಕರು ಮೊದಲೇ ಒಂದು ‘ನಿಲ್ಲಿಸು’ ಪದವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮಾತನಾಡಲಾಗದಿದ್ದರೆ ಕೈತಟ್ಟುವುದೋ ಹಿಡಿದ ವಸ್ತುವನ್ನು ಬಿಡುವುದೋ ಗುರುತಾಗಿರುತ್ತದೆ. ಬೇರೆ ಕ್ರೀಡೆಗಳಲ್ಲಿ ಇದು ವಿವೇಕದ ಕ್ರಮವೇ ಸರಿ. ಉಸಿರಿನ ವಿಷಯದಲ್ಲಿ ಮಾತ್ರ ಇದು ನಿರರ್ಥಕ. ಸನ್ನೆ ಮಾಡಲು ಮೂರು ಸಂಗತಿಗಳು ಬೇಕು: ಅಪಾಯ ಬಂದಿದೆಯೆಂದು ತಿಳಿಯುವ ಬುದ್ಧಿ, ಸನ್ನೆ ಮಾಡಬೇಕೆಂಬ ನೆನಪು, ಕೈಯಾಡಿಸುವ ಶಕ್ತಿ. ಮೂರೂ ಮಿದುಳಿನ ಕೆಲಸಗಳು. ರಕ್ತವಿಲ್ಲದ ಮಿದುಳು ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. ಪ್ರಜ್ಞೆ ತಪ್ಪಿದವರ ಮೈ ಸೆಟೆದು ಅದುರುವುದನ್ನು ಸಂಗಾತಿಯು ಸುಖದ ಪರಾಕಾಷ್ಠೆಯೆಂದು ತಪ್ಪಾಗಿ ತಿಳಿಯುವ ಸಂಭವವೂ ಇದೆ. ಮದ್ಯಪಾನ ಮಾಡಿದ್ದರೆ, ನಿದ್ರೆಯ ಮಾತ್ರೆ ಅಥವಾ ಮಾದಕ ವಸ್ತು ಸೇವಿಸಿದ್ದರೆ, ಇಬ್ಬರ ಅರಿವೂ ಮೊದಲೇ ಮಂದವಾಗಿರುತ್ತದೆ. ಪ್ರಜ್ಞೆ ತಪ್ಪಿದವರು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿದು ಬೇರೊಂದು ಗಂಡಾಂತರ ಒದಗುತ್ತದೆ.

ಒಂಟಿಯಾಗಿದ್ದಾಗ

ಒಬ್ಬರೇ ಇರುವಾಗ ಈ ಅಭ್ಯಾಸವನ್ನು ನಡೆಸುವುದು ಎಲ್ಲಕ್ಕಿಂತ ಅಪಾಯಕರ. ಭಾರತೀಯ ವೈದ್ಯ ವಿದ್ಯಾರ್ಥಿಗಳು ಓದುವ ನ್ಯಾಯವೈದ್ಯಶಾಸ್ತ್ರದ ಪಠ್ಯಗಳಲ್ಲಿ ಇಂಥ ಸಾವುಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಸತ್ತವರು ಬಹುಪಾಲು ಸಾಯಲು ಬಯಸಿದವರಲ್ಲ. ಪಾರಾಗಲು ತಾವೇ ಏರ್ಪಡಿಸಿಕೊಂಡಿದ್ದ ಉಪಾಯವು ಪ್ರಜ್ಞೆ ತಪ್ಪಿದ ಒಡನೆ ನಿರುಪಯುಕ್ತವಾಯಿತು, ಅಷ್ಟೆ. ಅಂಥ ಸಾವು ಮೇಲ್ನೋಟಕ್ಕೆ ಆತ್ಮಹತ್ಯೆಯಂತೆ ಕಾಣುತ್ತದೆ. ಮಗನೋ ಮಗಳೋ ಯಾವ ದುಃಖದಿಂದ ಹೀಗೆ ಮಾಡಿಕೊಂಡರೆಂದು ತಂದೆತಾಯಿಗಳು ಉಳಿದ ಆಯುಷ್ಯವೆಲ್ಲ ಕೊರಗುತ್ತಾರೆ. ಬಾಡಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುವ ಒಂಟಿ ಜೀವಕ್ಕೆ ಆ ಐದು ನಿಮಿಷಗಳೊಳಗೆ ನೆರವಾಗಲು ಯಾರೂ ಇರುವುದಿಲ್ಲ.

ಗಂಟೆಗಳ, ದಿನಗಳ ಬಳಿಕ ಬರುವ ತೊಂದರೆಗಳು

‘ಆಗಲೇ ಎದ್ದು ಕುಳಿತರು, ಕಾಫಿ ಕುಡಿದರು, ಇನ್ನೇನು ಭಯ’ ಎಂದು ಸುಮ್ಮನಿರುವುದು ಸರಿಯಲ್ಲ. ಕಂಠಧಮನಿಯ ಒಳಪದರವು ಒತ್ತಡದಿಂದ ಸೀಳಿರಬಹುದು. ಸೀಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಸಾಗಿದರೆ ಪಾರ್ಶ್ವವಾಯು ಬಡಿಯುತ್ತದೆ. ಇದು ಗಂಟೆಗಳಲ್ಲಿಯೂ ಆಗಬಹುದು, ದಿನಗಳ ಅಥವಾ ವಾರಗಳ ಬಳಿಕವೂ ಆಗಬಹುದು. ಮೂವತ್ತು ತುಂಬದ, ರಕ್ತದೊತ್ತಡವಾಗಲಿ ಸಿಹಿಮೂತ್ರವಾಗಲಿ ಇಲ್ಲದ ವ್ಯಕ್ತಿಗೆ ಪಾರ್ಶ್ವವಾಯು ಬಂದಾಗ ವೈದ್ಯರು ಕೊರಳಿನ ಗಾಯದ ಬಗ್ಗೆ ವಿಚಾರಿಸುವುದು ಈ ಕಾರಣಕ್ಕಾಗಿ. ಧ್ವನಿಪೆಟ್ಟಿಗೆಯ ಊತವು ನಿಧಾನವಾಗಿ ಏರಿ, ಒಂದೆರಡು ದಿನಗಳೊಳಗೆ ಉಸಿರಿನ ದಾರಿಯನ್ನೇ ಮುಚ್ಚಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದೂ ಉಂಟು.

ಹೊರಗೆ ಗಾಯದ ಗುರುತು ಇಲ್ಲವೆಂಬುದು ಒಳಗೆ ಕ್ಷೇಮವೆಂಬುದಕ್ಕೆ ಸಾಕ್ಷಿಯಲ್ಲ. ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಕೊರಳು ಹಿಸುಕಿದ 300 ಹಲ್ಲೆಯ ಪ್ರಕರಣಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ವರದಿಯಂತೆ, ಅರ್ಧದಷ್ಟು ಪ್ರಕರಣಗಳಲ್ಲಿ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ.

ಕೆಳಗಿನ ಯಾವುದೇ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು:

1. ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದ್ದುದು, ಅಥವಾ ನಡುವಿನ ಸ್ವಲ್ಪ ಹೊತ್ತು ನೆನಪಿಗೆ ಬಾರದಿರುವುದು.
2. ಅರಿವಿಲ್ಲದೆ ಮಲಮೂತ್ರ ವಿಸರ್ಜನೆಯಾಗಿದ್ದುದು.
3. ಧ್ವನಿ ಒಡೆದಿರುವುದು, ನುಂಗಲು ಕಷ್ಟ, ಉಸಿರಾಟದಲ್ಲಿ ಸದ್ದು, ಕೆಮ್ಮಿನಲ್ಲಿ ರಕ್ತ.
4. ಕೊರಳಿನಲ್ಲಿ ನೋವು ಅಥವಾ ಊತ. ಚರ್ಮವನ್ನು ಮುಟ್ಟಿದರೆ ಒಳಗೆ ಗಾಳಿಗುಳ್ಳೆ ಸಿಡಿದಂತಾಗುವುದು.
5. ಕಣ್ಣಿನ ಬಿಳಿಭಾಗದಲ್ಲಿ, ರೆಪ್ಪೆಯ ಒಳಗೆ, ಮುಖದ ಮೇಲೆ ಸಣ್ಣ ಕೆಂಪು ಚುಕ್ಕೆಗಳು.
6. ಒಂದು ಕಡೆಯ ರೆಪ್ಪೆ ಜೋಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನಲ್ಲಿ ಬಲವಿಲ್ಲದಿರುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ತೀವ್ರ ತಲೆನೋವು.

ಸಂದೇಹಗಳು ಮತ್ತು ಸಮಾಧಾನ

ಸಂದೇಹ: ಅನುಭವಿಗಳು ಮಾಡಿದರೆ ಅಪಾಯ ಕಡಿಮೆಯಲ್ಲವೇ?

ಸಮಾಧಾನ: ಅನುಭವದಿಂದ ಕೈಗೆ ಧೈರ್ಯ ಬರುತ್ತದೆ. ಧಮನಿಯ ಗೋಡೆಗೆ ಶಕ್ತಿ ಬರುವುದಿಲ್ಲ. ಹೃದಯದ ಪ್ರತಿಕ್ರಿಯೆಯನ್ನೂ ಒಳಪದರದ ಸೀಳನ್ನೂ ಹೊರಗಿನಿಂದ ಕಾಣಲಾಗದು. ಕಾಣದ ಅಪಾಯವನ್ನು ಯಾವ ಅನುಭವಿಯೂ ತಡೆಯಲಾರನು.

ಸಂದೇಹ: ಕೊರಳನ್ನು ಮುಟ್ಟದೆ ಬಾಯಿ ಮೂಗು ಮಾತ್ರ ಮುಚ್ಚಿದರೆ?

ಸಮಾಧಾನ: ದಾರಿ ಬೇರೆಯಾದರೂ ತಲುಪುವ ಊರು ಒಂದೇ. ಆಮ್ಲಜನಕ ಇಳಿಯುತ್ತದೆ, ಅರಿವು ಮಂದವಾಗುತ್ತದೆ, ಹೃದಯದ ಲಯ ಕೆಡುತ್ತದೆ. ಎದೆಯ ಮೇಲೆ ಭಾರ ಹೇರಿ ಉಸಿರು ತಡೆಯುವುದಕ್ಕೂ ಇದೇ ಮಾತು.

ಸಂದೇಹ: ನನ್ನ ಸಂಗಾತಿಗೆ ಇದು ಬೇಕಂತೆ. ಒಲ್ಲೆನೆಂದರೆ ಪ್ರೀತಿ ಕಡಿಮೆಯೆಂದು ತಿಳಿದಾರು. ಏನು ಮಾಡಲಿ?

ಸಮಾಧಾನ: ಸಂಗಾತಿ ಬಯಸುತ್ತಿರುವುದು ಹಲವು ವೇಳೆ ಉಸಿರುಗಟ್ಟುವುದನ್ನಲ್ಲ; ಪೂರ್ತಿ ನಂಬಿ ಒಪ್ಪಿಸಿಕೊಳ್ಳುವ ಭಾವವನ್ನು, ಅಥವಾ ತೀವ್ರತೆಯನ್ನು. ಅದನ್ನು ಬಿಡುವಿನ ವೇಳೆಯಲ್ಲಿ, ಹಾಸಿಗೆಯ ಹೊರಗೆ, ಸಮಾಧಾನದಿಂದ ಮಾತನಾಡಿ ತಿಳಿಯಬೇಕು. ಕೊರಳನ್ನೂ ಉಸಿರನ್ನೂ ಮುಟ್ಟದೆ ಆ ಭಾವವನ್ನು ಹೊಂದುವ ಮಾರ್ಗಗಳು ಅನೇಕ. ಮಾತು, ಸ್ಪರ್ಶ, ಕಣ್ಣಿಗೆ ಬಟ್ಟೆ ಕಟ್ಟುವುದು, ಆಜ್ಞೆ ಮತ್ತು ವಿಧೇಯತೆಯ ಅಭಿನಯ ಇವುಗಳಲ್ಲಿ ಯಾವುದೂ ಮಿದುಳಿನ ರಕ್ತವನ್ನು ನಿಲ್ಲಿಸುವುದಿಲ್ಲ. ಒಲ್ಲೆನೆಂದು ಹೇಳುವ ಹಕ್ಕು ಪತಿಗೂ ಉಂಟು, ಪತ್ನಿಗೂ ಉಂಟು. ಸಂಗಾತಿಯ ಜೀವವನ್ನು ಕಾಪಾಡಲು ಹೇಳಿದ ‘ಒಲ್ಲೆ’ ಪ್ರೀತಿಯ ಮಾತೇ.

ಸಂದೇಹ: ಇದಿಲ್ಲದೆ ಸುಖವೇ ಇಲ್ಲವೆಂಬಷ್ಟು ಅಭ್ಯಾಸವಾಗಿದೆ. ಬಿಡಲು ಸಾಧ್ಯವೇ?

ಸಮಾಧಾನ: ಸಾಧ್ಯ. ಆದರೆ ಒಂಟಿಯಾಗಿ ಹೋರಾಡುವ ಅವಶ್ಯಕತೆಯಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿಯೂ ಸಲಹೆ ದೊರೆಯುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶುಲ್ಕವಿಲ್ಲ. ಉಸಿರು ತಡೆಯುವ ಅಭ್ಯಾಸದ ಜೊತೆಗೆ ಬದುಕು ಸಾಕೆಂಬ ಯೋಚನೆಯೂ ಬರುತ್ತಿದ್ದರೆ ಆ ದಿನವೇ ಕರೆ ಮಾಡತಕ್ಕದ್ದು.

ಅಪಘಾತ ಸಂಭವಿಸಿದರೆ

ಕೊರಳಿನ ಮೇಲಿನ ಒತ್ತಡವನ್ನು ಕೂಡಲೇ ತೆಗೆಯಿರಿ. ಕಟ್ಟಿದ್ದರೆ ಗಂಟು ಬಿಚ್ಚುತ್ತ ಕೂರದೆ ಕತ್ತರಿಸಿರಿ. ದೇಹದ ಭಾರ ಕೊರಳಿನ ಮೇಲೆ ಬೀಳದಂತೆ ಎತ್ತಿ ಹಿಡಿಯಿರಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿರಿ. ಫೋನನ್ನು ಧ್ವನಿವರ್ಧಕದಲ್ಲಿಟ್ಟು ಕೆಲಸ ಮುಂದುವರಿಸಿರಿ. ಉಸಿರಾಟವಿದ್ದರೆ, ಕೊರಳನ್ನು ತಿರುಚದೆ, ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ. ಉಸಿರಾಟವಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಕಂಡರೆ, ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈಗಳನ್ನು ಒಂದರ ಮೇಲೊಂದು ಇಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿರಿ. ನೆರವು ಬರುವವರೆಗೆ ನಿಲ್ಲಿಸಬೇಡಿರಿ. ಬಾಯಿಗೆ ನೀರು ಹಾಕುವುದು, ಈರುಳ್ಳಿ ಮೂಸಿಸುವುದು, ಕೆನ್ನೆಗೆ ಹೊಡೆಯುವುದು ಇವುಗಳಿಂದ ಪ್ರಯೋಜನವಿಲ್ಲ. ನಾಚಿಕೆಯಿಂದ ಬಟ್ಟೆ ತೊಡಿಸಿ ಕೋಣೆ ಸರಿಪಡಿಸುವುದಕ್ಕೆ ಹೋದ ನಿಮಿಷಗಳು ಮಿದುಳಿನ ಲೆಕ್ಕದಿಂದ ಹೋದ ನಿಮಿಷಗಳು.

ವೈದ್ಯರ ಬಳಿ ನಿಜ ಹೇಳಿರಿ

ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ. ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಕೃಷ್ಣರಾಜಪುರದ ಸರ್ಕಾರಿ ಆಸ್ಪತ್ರೆ ಇವು ಈ ಭಾಗದ ಜನರಿಗೆ ಸಮೀಪದಲ್ಲಿವೆ. ಅಲ್ಲಿಗೆ ಬಂದವರು ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂದೋ ‘ಗಂಟಲು ನೋವು’ ಎಂದೋ ಹೇಳಿದರೆ, ವೈದ್ಯರು ಜಾರಿಬಿದ್ದುದಕ್ಕೂ ಗಂಟಲು ನೋವಿಗೂ ಚಿಕಿತ್ಸೆ ನೀಡಿ ಕಳುಹಿಸುತ್ತಾರೆ. ‘ಕೊರಳನ್ನು ಒತ್ತಲಾಗಿತ್ತು, ಇಷ್ಟು ಹೊತ್ತಾಯಿತು, ಪ್ರಜ್ಞೆ ತಪ್ಪಿತ್ತು’ ಎಂಬ ಮೂರು ಮಾತುಗಳನ್ನು ಹೇಳಿದರೆ ಸಾಕು, ಪರೀಕ್ಷೆಯ ದಾರಿಯೇ ಬದಲಾಗುತ್ತದೆ. ಆಗ ಕೊರಳಿನ ರಕ್ತನಾಳಗಳ ಸಿ.ಟಿ. ಆಂಜಿಯೋಗ್ರಾಂ ಮಾಡಿಸಿ, ಧಮನಿಯಲ್ಲಿ ಸೀಳು ಕಂಡರೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟು, ಬರಲಿದ್ದ ಪಾರ್ಶ್ವವಾಯುವನ್ನು ತಡೆಯಲು ಅವಕಾಶವಿದೆ.

ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯರ ಧರ್ಮ. ನಿಮ್ಮ ಖಾಸಗಿ ಸಂಗತಿಯನ್ನು ವೈದ್ಯರು ನಿಮ್ಮ ಮನೆಯವರಿಗಾಗಲಿ ಕಚೇರಿಗಾಗಲಿ ತಿಳಿಸತಕ್ಕದ್ದಲ್ಲ. ಗಂಭೀರವಾದ ಅಥವಾ ಸಂಶಯಾಸ್ಪದವಾದ ಗಾಯವಿದ್ದರೆ ಕಾನೂನಿನ ಪ್ರಕಾರ ದಾಖಲೆ ಮಾಡಬೇಕಾಗಬಹುದು, ಇದನ್ನು ಮುಚ್ಚಿಡುವ ಅವಶ್ಯಕತೆಯಿಲ್ಲ. ಆದರೆ ದಾಖಲೆಗಾಗಿ ಚಿಕಿತ್ಸೆ ಕಾಯಬಾರದು. ಜೀವ ಉಳಿಸುವ ಚಿಕಿತ್ಸೆಯು ಪೊಲೀಸ್ ವಿಧಿವಿಧಾನಗಳಿಗಿಂತ ಮೊದಲು ನಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಸಮ್ಮತಿ, ಕಾನೂನು ಮತ್ತು ಬಲಾತ್ಕಾರ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೆಯ ಪ್ರಕರಣವು ವಯಸ್ಕರ ಸಮ್ಮತಿಗೆ ಒಂದು ಮಿತಿಯನ್ನು ಹಾಕಿದೆ. ಸಾವು ಅಥವಾ ತೀವ್ರ ಗಾಯ ಉಂಟಾಗುವ ಸಂಭವವಿದೆಯೆಂದು ಮಾಡುವವರಿಗೆ ತಿಳಿದಿದ್ದರೆ, ಎದುರಿನವರು ಒಪ್ಪಿದ್ದರೆಂಬ ಸಮರ್ಥನೆಯ ರಕ್ಷಣೆ ಆ ಪ್ರಕರಣದಿಂದ ದೊರೆಯದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿಯೂ 2021ರ ಕಾನೂನು ಲೈಂಗಿಕ ತೃಪ್ತಿಗಾಗಿ ಗಂಭೀರ ಹಾನಿಗೆ ಒಪ್ಪಿದ್ದರೆಂಬ ವಾದವನ್ನು ತಳ್ಳಿಹಾಕಿದೆ. ಒಪ್ಪಿಗೆಯಿಂದ ಆರಂಭವಾದ ಕ್ರೀಡೆ ಒಬ್ಬರ ಸಾವಿನಲ್ಲಿ ಮುಗಿದರೆ, ಉಳಿದ ಇನ್ನೊಬ್ಬರ ಬಾಳೂ ಅಲ್ಲಿಗೇ ಕೆಡುತ್ತದೆ.

ಇನ್ನು, ಒಪ್ಪಿಗೆಯೇ ಇಲ್ಲದೆ, ಕೇಳದೆ, ಹೆದರಿಸಿ, ಅಥವಾ ಜಗಳದ ಸಮಯದಲ್ಲಿ ಕೊರಳಿಗೆ ಕೈಹಾಕುವುದು ಯಾವ ಕ್ರೀಡೆಯೂ ಅಲ್ಲ. ಅದು ಹಿಂಸೆ. ಒಮ್ಮೆ ಕೊರಳು ಹಿಸುಕಿದ ಕೈ ಮುಂದೊಮ್ಮೆ ಪ್ರಾಣ ತೆಗೆಯುವ ಸಂಭವ ಬಹಳ ಹೆಚ್ಚೆಂದು ಕೌಟುಂಬಿಕ ಹಿಂಸೆಯನ್ನು ಅಭ್ಯಸಿಸಿದವರು ಕಂಡುಕೊಂಡಿದ್ದಾರೆ. ಇಂಥ ಸ್ಥಿತಿಯಲ್ಲಿರುವ ಮಹಿಳೆಯರು 181 ಸಂಖ್ಯೆಗೆ, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ರಕ್ಷಣೆ ಅವರಿಗೆ ಇದೆ.

ನೆನಪಿಡಬೇಕಾದ ಮಾತು

ಕಾಮವು ಬದುಕಿನ ಪುರುಷಾರ್ಥಗಳಲ್ಲಿ ಒಂದೆಂದು ನಮ್ಮ ಪರಂಪರೆ ಒಪ್ಪಿದೆ. ಅದನ್ನು ಅನುಭವಿಸಲು ಜೀವವಿರಬೇಕು, ಅರಿವಿರಬೇಕು, ಎದುರಿಗೆ ಸಂಗಾತಿ ಇರಬೇಕು. ಉಸಿರು ತಡೆಯುವ ಕ್ರೀಡೆಯು ಈ ಮೂರನ್ನೂ ಒಟ್ಟಿಗೆ ಪಣವಾಗಿ ಇಡುತ್ತದೆ. ಈ ಪುಟಗಳನ್ನು ಓದಿದ ದಂಪತಿಗಳೂ ಸಂಗಾತಿಗಳೂ ಒಮ್ಮೆ ತಮ್ಮೊಳಗೆ ಮಾತನಾಡಿಕೊಂಡು, ಕೊರಳು ಮತ್ತು ಉಸಿರು ನಮ್ಮ ಆಟಕ್ಕೆ ಸೇರಿದುವಲ್ಲ ಎಂದು ನಿಶ್ಚಯಿಸಿಕೊಳ್ಳಲಿ. ಈಗಾಗಲೇ ಏನಾದರೂ ತೊಂದರೆ ಆಗಿದ್ದರೆ, ನಾಚಿಕೆಯನ್ನು ಬದಿಗಿಟ್ಟು ಇಂದೇ ಸಮೀಪದ ಆಸ್ಪತ್ರೆಗೆ ಬರಲಿ.